ಸಿರಪ್ ಕುಡಿದ ಮೇಲೆ ಎರಡು ದಿನ ಕಾಯಿರಿ: ಲ್ಯಾಕ್ಟುಲೋಸ್ ಬಗ್ಗೆ ನಾನು ತಡವಾಗಿ ಕಲಿತದ್ದು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ಒಳ್ಳೇದು, ಯಾಕಂದ್ರೆ ಇವತ್ತಿನ ವಿಷಯ ಮೆಟ್ರೋದಲ್ಲಿ ಸ್ಪೀಕರ್ ಹಾಕಿ ಕೇಳೋ ಅಂಥದ್ದಲ್ಲ. ಊಟ ಮಾಡ್ತಾ ಕೇಳ್ತಿದ್ರೆ, ಒಂದು ಕೆಲಸ ಮಾಡಿ, ಊಟ ಮುಗಿಸಿ ಬನ್ನಿ. ಇವತ್ತು ಮಾತಾಡೋದು ಮಲಬದ್ಧತೆ ಬಗ್ಗೆ. ಅದರಲ್ಲೂ ಡಾಕ್ಟರು ಬರೆದುಕೊಡುವ, ಮೆಡಿಕಲ್ಸ್‌ನಲ್ಲಿ ನಾವೇ ಹೋಗಿ ಕೇಳಿ ತರುವ, ಆ ಸಿಹಿಸಿಹಿ ಅಂಟಂಟು ಸಿರಪ್ ಬಗ್ಗೆ. ಅದರ ಹೆಸರು ಲ್ಯಾಕ್ಟುಲೋಸ್.

ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಈ ಪಾಡ್‌ಕಾಸ್ಟ್‌ನಲ್ಲಿ ಸಾಮಾನ್ಯವಾಗಿ ಟ್ಯಾಕ್ಸು, ಲೋನು, ಇನ್ಶೂರೆನ್ಸ್ ಬಗ್ಗೆ ಮಾತಾಡ್ತೀನಿ. ಹಾಗಿದ್ರೂ ಈ ವಿಷಯ ತಗೊಳ್ಳೋಕೆ ಕಾರಣ ಇದೆ. ಹೋದ ವರ್ಷ ನಮ್ಮ ಅಜ್ಜಿಗೆ ಇದೇ ಸಿರಪ್ಪನ್ನು ತಪ್ಪಾಗಿ ಕುಡಿಸಿ, ಅವಳನ್ನು ಡ್ರಿಪ್ ಹಾಕಿಸೋ ಮಟ್ಟಕ್ಕೆ ತಂದವನು ನಾನೇ. ಔಷಧಿಯಲ್ಲಿ ದೋಷ ಇರಲಿಲ್ಲ. ಡಾಕ್ಟರ್ ಚೀಟಿಯಲ್ಲೂ ದೋಷ ಇರಲಿಲ್ಲ. ಇದ್ದದ್ದು ನನ್ನ ಅವಸರದಲ್ಲಿ.

ನಡೆದದ್ದು ಹೀಗೆ. ಅಜ್ಜಿಗೆ 74 ವರ್ಷ. ಅರಸೀಕೆರೆ ಕಡೆ ಊರು. ಮೊಣಕಾಲು ನೋವು ತೋರಿಸೋಕೆ ಅಂತ ಬೆಂಗಳೂರಿಗೆ ಬಂದು ನಮ್ಮ ಮನೇಲೇ ಉಳಿದಿದ್ಲು. ಬಂದ ವಾರದಲ್ಲೇ ಶುರುವಾಯ್ತು. ‘ಐದು ದಿನ ಆಯ್ತು ಕಣಪ್ಪಾ, ಹೊಟ್ಟೆ ಕಲ್ಲಾಗದೆ’ ಅಂದ್ಲು. ಅವಳು ಅದನ್ನು ಹೇಳೋಕೆ ಐದು ದಿನ ತಗೊಂಡಿದ್ದೇ ನಾಚಿಕೆಯಿಂದ. ಬೀದಿ ಕೊನೆಯ ಕ್ಲಿನಿಕ್‌ಗೆ ಕರ್ಕೊಂಡು ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಲ್ಯಾಕ್ಟುಲೋಸ್ 15 ಎಂಎಲ್, ಎಚ್‌ಎಸ್ ಅಂತ ಬರೆದರು. ಎಚ್‌ಎಸ್ ಅಂದ್ರೆ ಮಲಗುವ ಹೊತ್ತಿಗೆ, ಅದನ್ನ ಮೆಡಿಕಲ್ಸ್‌ನವರೇ ಹೇಳಿದ್ರು. ಅಲ್ಲಿವರೆಗೂ ಎಲ್ಲ ಸರಿ.

ರಾತ್ರಿ ಕೊಟ್ಟೆ. ಬೆಳಿಗ್ಗೆ ಎದ್ದು ಕೇಳಿದೆ, ಏನೂ ಆಗಿರಲಿಲ್ಲ. ಅಜ್ಜಿಗೆ ಅದೇ ಆಶ್ಚರ್ಯ. ಅವಳ ಕಾಲದಲ್ಲಿ ಮಕ್ಕಳಿಗೆಲ್ಲ ಬೆಳಗಿನ ಜಾವ ಎಬ್ಬಿಸಿ, ಮೂಗು ಹಿಡಿದು ಹರಳೆಣ್ಣೆ ಕುಡಿಸಿದ್ರೆ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಖಾಲಿ. ‘ಇದೆಂಥ ಔಷಧಿ, ಬರೀ ಸಕ್ಕರೆ ಪಾಕ’ ಅಂದ್ಲು. ನನಗೂ ಹೌದಲ್ವಾ ಅನ್ನಿಸ್ತು. ತಿಂಡಿ ಆದ ಮೇಲೆ ಇನ್ನೊಂದು 15 ಎಂಎಲ್ ಕೊಟ್ಟೆ. ಮಧ್ಯಾಹ್ನ ಮತ್ತೊಂದು. ರಾತ್ರಿ ಅಮ್ಮ ಫೋನಲ್ಲಿ ಗಾಬರಿಯಾಗಿದ್ದಕ್ಕೆ ಡಬಲ್ ಮಾಡಿ 30 ಕೊಟ್ಟೆ. ಈಗ ಲೆಕ್ಕ ಹಾಕಿ: ಮೊದಲ ರಾತ್ರಿಯಿಂದ ಎರಡನೇ ರಾತ್ರಿಯೊಳಗೆ 75 ಎಂಎಲ್. ಬರೆದಿದ್ದು 30. ಅಕೌಂಟ್ಸ್ ಓದಿದವನ ಲೆಕ್ಕ ಇದು.

ಮೂರನೇ ದಿನ ಬೆಳಗಿನ ಜಾವ ಶುರುವಾಯ್ತು. ಮೊದಲ ಸಲ ಹೋದಾಗ ಇಬ್ಬರಿಗೂ ಖುಷಿ. ಐದನೇ ಸಲ ಹೋದಾಗ ಖುಷಿ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಎಂಟೋ ಒಂಬತ್ತೋ ಸಲ ಆಗಿ, ಬಾತ್‌ರೂಮಿನಿಂದ ಬರ್ತಾ ಬಾಗಿಲ ಹತ್ರ ಕುಸಿದು ಕೂತ್ಲು. ಕಣ್ಣು ಮೇಲೆ ಹೋಗಿತ್ತು. ಕಾಲಿನ ಮೀನಖಂಡ ಸೆಟೆದುಕೊಂಡಿತ್ತು. ಆಟೋದಲ್ಲಿ ಹತ್ತಿರದ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.9 ಬಂತು. ಅದು 3.5ರಿಂದ 5ರ ಒಳಗೆ ಇರಬೇಕು. ಅದಕ್ಕಿಂತ ತೀರಾ ಕೆಳಗೆ ಹೋದರೆ ಹೃದಯದ ಬಡಿತವೇ ತಾಳ ತಪ್ಪುತ್ತೆ.

ಅಲ್ಲಿನ ಡ್ಯೂಟಿ ಡಾಕ್ಟರಮ್ಮ ಬೈಯಲಿಲ್ಲ. ‘ಎಷ್ಟು ಎಂಎಲ್ ಕೊಟ್ರಿ, ಯಾವ್ಯಾವಾಗ ಕೊಟ್ರಿ, ಬರೆದುಕೊಡಿ’ ಅಂತ ಪೇಪರ್ ಕೊಟ್ರು. ಬರೆದು ಮುಗಿಸೋ ಹೊತ್ತಿಗೆ ನನಗೇ ಅರ್ಥ ಆಗಿತ್ತು. ಆಮೇಲೆ ಅವರು ಕೂರಿಸಿಕೊಂಡು ಹೇಳಿದ ಮಾತು, ಆಮೇಲೆ ನಾನು ಓದಿಕೊಂಡಿದ್ದು, ಎರಡನ್ನೂ ಸೇರಿಸಿ ಇವತ್ತು ಹೇಳ್ತೀನಿ.

ಉಪ್ಪಿನಕಾಯಿ ಜಾಡಿ, ದೋಸೆ ಹಿಟ್ಟು

ಈ ಸಿರಪ್ ಯಾಕೆ ನಿಧಾನ ಅಂತ ಒಂದು ಸಲ ಗೊತ್ತಾದರೆ, ನಾನು ಮಾಡಿದ ತಪ್ಪನ್ನು ನೀವು ಮಾಡಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಲ್ಯಾಕ್ಟುಲೋಸ್ ಒಂದು ಸಕ್ಕರೆ. ಆದರೆ ಪ್ರಕೃತಿಯಲ್ಲಿ ಸುಮ್ಮನೆ ಸಿಗೋ ಸಕ್ಕರೆ ಅಲ್ಲ. ಹಾಲಿನಲ್ಲಿರೋ ಸಕ್ಕರೆ, ಲ್ಯಾಕ್ಟೋಸ್, ಅದನ್ನು ಸ್ವಲ್ಪ ಬದಲಾಯಿಸಿ ಮಾಡ್ತಾರೆ. ಲ್ಯಾಕ್ಟೋಸ್‌ನಲ್ಲಿ ಗ್ಯಾಲಕ್ಟೋಸ್ ಮತ್ತು ಗ್ಲೂಕೋಸ್ ಕೈಕೈ ಹಿಡಿದಿರ್ತವೆ. ಲ್ಯಾಕ್ಟುಲೋಸ್‌ನಲ್ಲಿ ಗ್ಲೂಕೋಸ್ ಜಾಗದಲ್ಲಿ ಫ್ರಕ್ಟೋಸ್. ಇಷ್ಟೇ ವ್ಯತ್ಯಾಸ. ಆದರೆ ಈ ಹೊಸ ಜೋಡಿಯನ್ನು ಬಿಡಿಸುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಬಿಡಿಸೋಕೆ ಆಗದೇ ಇದ್ರೆ ರಕ್ತಕ್ಕೂ ಹೋಗಲ್ಲ. ಹಾಗಾಗಿ ಹೆಚ್ಚುಕಮ್ಮಿ ಹಾಗೇ ಇದ್ದಂಗೇ ದೊಡ್ಡ ಕರುಳಿನವರೆಗೂ ಇಳಿಯುತ್ತೆ.

ಅಲ್ಲಿ ಎರಡು ಕೆಲಸ ಆಗುತ್ತೆ. ಮೊದಲನೇದು, ನೀರು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿ ಇಟ್ರೆ ಮಾರನೇ ದಿನ ನೋಡಿದಾಗ ತಳದಲ್ಲಿ ನೀರು ನಿಂತಿರುತ್ತಲ್ಲ? ನಾವು ಒಂದು ಹನಿ ನೀರು ಹಾಕಿರಲ್ಲ. ಉಪ್ಪು ಹೋಳಿನ ಒಳಗಿಂದ ಎಳೆದುಕೊಂಡಿರುತ್ತೆ. ಇದೇ ಆಸ್ಮಾಸಿಸ್. ಕರುಳಿನೊಳಗೆ ಹೀರಿಕೆಯಾಗದ ಸಕ್ಕರೆ ಉಳಿದರೆ ಅದೂ ಹೀಗೇ ನೀರನ್ನು ತನ್ನ ಕಡೆಗೆ ಎಳೆದು ಇಟ್ಟುಕೊಳ್ಳುತ್ತೆ. ಗಟ್ಟಿಯಾಗಿದ್ದ ಮಲ ನೆನೆದು ಮೆತ್ತಗಾಗುತ್ತೆ.

ಎರಡನೇದು, ಬ್ಯಾಕ್ಟೀರಿಯಾ. ನಮ್ಮ ಕೈಲಿ ಆಗದ ಕೆಲಸ, ಆ ಸಕ್ಕರೆಯ ಜೋಡಿ ಬಿಡಿಸೋದು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಗುತ್ತೆ. ಅವು ಅದನ್ನು ಹುಳಿಸಿ ಲ್ಯಾಕ್ಟಿಕ್ ಆಸಿಡ್, ಅಸಿಟಿಕ್ ಆಸಿಡ್‌ನಂಥವು ಮಾಡ್ತವೆ. ಜೊತೆಗೆ ಗ್ಯಾಸ್. ರಾತ್ರಿ ಕಲಸಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿ ಪಾತ್ರೆಯಿಂದ ಹೊರಗೆ ಬಂದಿರುತ್ತಲ್ಲ, ಅದೇ ಕಥೆ. ಆ ಆಮ್ಲಗಳು ಇನ್ನಷ್ಟು ನೀರು ಎಳೀತವೆ, ಕರುಳಿನ ಚಲನೆಯನ್ನೂ ಹೆಚ್ಚಿಸ್ತವೆ.

ಈಗ ನೀವೇ ಯೋಚನೆ ಮಾಡಿ. ಬಾಯಿಂದ ಹೊರಟು ದೊಡ್ಡ ಕರುಳು ಮುಟ್ಟಬೇಕು, ಅಲ್ಲಿ ಹುಳಿಯಬೇಕು, ನೀರು ಸೇರಬೇಕು, ಐದು ದಿನದಿಂದ ಒಣಗಿ ಕೂತಿರೋದು ನೆನೆಯಬೇಕು. ಹಿಟ್ಟು ಕಲಸಿ ಹತ್ತು ನಿಮಿಷಕ್ಕೆ ದೋಸೆ ಹುಯ್ಯೋಕೆ ಆಗುತ್ತಾ? ಸಾಮಾನ್ಯವಾಗಿ 24ರಿಂದ 48 ಗಂಟೆ ಬೇಕು. ಕೆಲವರಿಗೆ ಮೂರನೇ ದಿನವೂ ಆಗಬಹುದು. ನಾನು ಕೊಟ್ಟ ನಾಲ್ಕೂ ಡೋಸ್ ಸಾಲಾಗಿ ಒಳಗೆ ಕಾಯ್ತಾ ಕೂತಿದ್ವು. ಒಂದು ಕೆಲಸ ಮಾಡಲಿಲ್ಲ ಅಂತ ಇನ್ನೊಂದು ಕಳಿಸ್ತಿದ್ದೆ, ಮೊದಲನೇದು ಇನ್ನೂ ದಾರಿಯಲ್ಲೇ ಇತ್ತು.

ಹರಳೆಣ್ಣೆ ಕಥೆ ಬೇರೆ. ಅದು ಕರುಳನ್ನೇ ಕೆರಳಿಸಿ ಕೆಲಸ ಮಾಡಿಸುತ್ತೆ, ಅದಕ್ಕೇ ಕೆಲವೇ ಗಂಟೆ ಸಾಕು. ಸೋನಾಮುಖಿ, ಬಿಸಾಕೊಡಿಲ್ ಮಾತ್ರೆ ಇವೂ ಅದೇ ಜಾತಿ. ಆ ಮಾತ್ರೆ ರಾತ್ರಿ ನುಂಗಿದ್ರೆ ಬೆಳಿಗ್ಗೆ ಕೆಲಸ. ಇಸಬ್‌ಗೋಲ್ ಇನ್ನೊಂದು ಜಾತಿ. ಅದು ನೀರು ಕುಡಿದು ತಾನೇ ಉಬ್ಬುವ ನಾರು. ಅದನ್ನ ಸಾಕಷ್ಟು ನೀರಿಲ್ಲದೆ ತಗೊಂಡ್ರೆ ಇನ್ನಷ್ಟು ಕಟ್ಟಿಕೊಳ್ಳುತ್ತೆ. ಲ್ಯಾಕ್ಟುಲೋಸ್ ಜಾತಿಯಲ್ಲೇ ಬರೋದು ಪಿಇಜಿ ಪುಡಿ, ಅಂದ್ರೆ ಪಾಲಿಎಥಿಲೀನ್ ಗ್ಲೈಕಾಲ್, ನೀರಿಗೆ ಕದಡಿ ಕುಡಿಯೋದು. ಬಹಳ ದಿನದ ಮಲಬದ್ಧತೆಗೆ ಪಿಇಜಿ ಸ್ವಲ್ಪ ಮೇಲು ಅಂತ 2010ರ ಕಾಕ್ರೇನ್ ವಿಮರ್ಶೆ ಹೇಳಿತ್ತು. ಗ್ಯಾಸ್ ತಡೆಯೋಕೆ ಆಗಲ್ಲ ಅನ್ನೋರು ಡಾಕ್ಟರ ಹತ್ರ ಅದರ ಬಗ್ಗೆ ಕೇಳಬಹುದು.

ಇಲ್ಲೊಂದು ಮಾತು. ಅಂಗಡಿಯಲ್ಲಿ ‘ಮೋಷನ್ ಸಿರಪ್ ಕೊಡಿ’ ಅಂತ ಕೇಳಿದ್ರೆ ಕೈಗೆ ಬರೋ ಬಾಟಲಿ ಲ್ಯಾಕ್ಟುಲೋಸೇ ಆಗಿರಬೇಕಿಲ್ಲ. ಲಿಕ್ವಿಡ್ ಪ್ಯಾರಾಫಿನ್, ಮಿಲ್ಕ್ ಆಫ್ ಮೆಗ್ನೀಷಿಯಾ, ಸೋಡಿಯಂ ಪೈಕೋಸಲ್ಫೇಟ್ ಬೆರೆಸಿದ ಬಾಟಲಿಗಳೂ ಇವೆ. ನೋಡೋಕೆ ಎಲ್ಲ ಒಂದೇ ಥರ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತೆ, ಅದನ್ನ ಓದಿ. ಕಿಡ್ನಿ ತೊಂದರೆ ಇರುವವರಿಗೆ ಮೆಗ್ನೀಷಿಯಂ ಇರೋ ಬಾಟಲಿ ಅಪಾಯ. ಹಾಸಿಗೆ ಹಿಡಿದವರಿಗೆ, ನುಂಗೋಕೆ ಕಷ್ಟ ಇರುವವರಿಗೆ ಪ್ಯಾರಾಫಿನ್ ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಒಂದರ ಡೋಸನ್ನ ಇನ್ನೊಂದಕ್ಕೆ ಹಾಕಬೇಡಿ.

ಎಷ್ಟು, ಯಾವಾಗ, ಯಾವುದರ ಜೊತೆ

ನಮ್ಮಲ್ಲಿ ಸಿಗುವ ಬಾಟಲಿಗಳಲ್ಲಿ ಸಾಮಾನ್ಯವಾಗಿ 15 ಎಂಎಲ್‌ಗೆ 10 ಗ್ರಾಂ ಲ್ಯಾಕ್ಟುಲೋಸ್ ಇರುತ್ತೆ. ದೊಡ್ಡವರಿಗೆ ಮಲಬದ್ಧತೆಗೆ ಅಂತ ದಿನಕ್ಕೆ 15ರಿಂದ 30 ಎಂಎಲ್‌ನಿಂದ ಶುರು ಮಾಡೋದು ವಾಡಿಕೆ. ಇದಕ್ಕಿಂತ ಜಾಸ್ತಿ ಬೇಕಾ ಅನ್ನೋದನ್ನ ಡಾಕ್ಟರು ಹೇಳಬೇಕು, ನೀವಲ್ಲ, ನಾನಂತೂ ಅಲ್ಲವೇ ಅಲ್ಲ. ಶುರು ಮಾಡಿದ ಡೋಸನ್ನ ಎರಡು ದಿನ ಹಾಗೇ ಬಿಡಿ. ಮಲ ಮೆತ್ತಗೆ ಬರೋಕೆ ಶುರುವಾದ ಮೇಲೆ ಕಡಿಮೆ ಮಾಡ್ತಾ ಬರಬಹುದು. ನೀರು ನೀರಾಗಿ ಹೋಗೋಕೆ ಶುರುವಾದ್ರೆ ನಿಲ್ಲಿಸಿ.

ಅಳತೆಗೆ ಬಾಟಲಿ ಜೊತೆ ಬರೋ ಗೆರೆ ಇರುವ ಮುಚ್ಚಳವನ್ನೇ ಬಳಸಿ. ನಮ್ಮ ಮನೇಲಿ ಚಮಚ ಅಂದ್ರೆ ಒಂದು ಕಾಫಿ ಕಲಸೋದು, ಒಂದು ಸಾಂಬಾರಿಗೆ ಹಾಕೋದು, ಒಂದು ಯಾರದೋ ಮದುವೆಯಲ್ಲಿ ಬಂದ ಸ್ಟೀಲಿಂದು. ಒಂದಕ್ಕೊಂದು ಸಂಬಂಧ ಇಲ್ಲ. ಆ ಮುಚ್ಚಳದಲ್ಲೂ 5, 10, 15 ಅಂತ ಗೆರೆ ಇರುತ್ತೆ, ಬಿಳಿ ಪ್ಲಾಸ್ಟಿಕ್ ಮೇಲೆ ಬಿಳಿ ಗೆರೆ, ವಯಸ್ಸಾದವರಿಗೆ ಕಾಣೋದೇ ಇಲ್ಲ. ನಾನು ಈಗ 15ರ ಗೆರೆಗೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಹೊರಗಡೆಯಿಂದ ಕಪ್ಪು ಗೆರೆ ಎಳೆದಿಟ್ಟಿದ್ದೀನಿ.

ರಾತ್ರಿ ತಗೊಂಡ್ರೂ ಆಯ್ತು, ಬೆಳಿಗ್ಗೆ ತಿಂಡಿ ಜೊತೆ ತಗೊಂಡ್ರೂ ಆಯ್ತು. ದಿನಾ ಅದೇ ಹೊತ್ತು ಇಟ್ಟುಕೊಳ್ಳಿ. ಸಿಹಿ ಹಿಡಿಸಲ್ಲ ಅಂದ್ರೆ ನೀರಲ್ಲೋ ಜ್ಯೂಸಲ್ಲೋ ಹಾಲಲ್ಲೋ ಬೆರೆಸಬಹುದು. ಒಂದು ದಿನ ಮರೆತ್ರೆ ಮಾರನೇ ದಿನ ಡಬಲ್ ಮಾಡಬೇಡಿ. ಬಾಟಲಿ ಹಳೆಯದಾದಾಗ, ಅಥವಾ ಬೇಸಿಗೆಯಲ್ಲಿ, ಸಿರಪ್ ಬಣ್ಣ ಸ್ವಲ್ಪ ಗಾಢ ಆಗುತ್ತೆ. ಸಕ್ಕರೆ ದ್ರಾವಣದ ಗುಣ ಅದು, ಔಷಧಿ ಕೆಟ್ಟಿದೆ ಅಂತಲ್ಲ. ತೀರಾ ಕಪ್ಪಾಗಿದ್ರೆ, ಕದಡಿದ ಹಾಗೆ ಕಂಡ್ರೆ ಎಸೀರಿ.

ಮೊದಲ ಎರಡು ಮೂರು ದಿನ ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ಗ್ಯಾಸ್ ಗ್ಯಾರಂಟಿ. ಆಫೀಸಲ್ಲಿ ಪ್ರೆಸೆಂಟೇಷನ್ ಇದ್ದ ದಿನ ಶುರು ಮಾಡಬೇಡಿ ಅಂತ ಮಾತ್ರ ಹೇಳ್ತೀನಿ. ಸಾಮಾನ್ಯವಾಗಿ ಆಮೇಲೆ ಕಡಿಮೆಯಾಗುತ್ತೆ. ಇದನ್ನ ಮೊದಲೇ ಹೇಳದೇ ಇದ್ರೆ ಜನ ‘ನನಗೆ ಒಗ್ಗಲ್ಲ’ ಅಂತ ಬಿಟ್ಟುಬಿಡ್ತಾರೆ, ಸಿರಪ್ ಕೆಲಸ ಮಾಡೋ ಹೊತ್ತಿಗೆ ಸರಿಯಾಗಿ.

ನೀರು. ಇದು ಕರುಳಿಗೆ ನೀರು ಎಳೆಯೋ ಔಷಧಿ, ಆ ನೀರು ಬರೋದು ನಿಮ್ಮ ಮೈಯಿಂದಲೇ. ಹಾಗಾಗಿ ದಿನಕ್ಕೆ ಆರರಿಂದ ಎಂಟು ಲೋಟ ನೀರು ಕುಡೀರಿ. ಆದರೆ ಹೃದಯದ ಅಥವಾ ಕಿಡ್ನಿ ತೊಂದರೆಗೆ ‘ಇಷ್ಟೇ ನೀರು ಕುಡಿಯಬೇಕು’ ಅಂತ ಡಾಕ್ಟರು ಕಟ್ಟು ಹಾಕಿದ್ರೆ ಆ ಮಾತೇ ಕೊನೆ. ಯಾವ ಪಾಡ್‌ಕಾಸ್ಟ್ ಕೇಳಿಯೂ ಅದನ್ನ ಮೀರಬೇಡಿ.

ಡಾಕ್ಟರನ್ನ ಕೇಳದೇ ನೀವೇ ತಗೊಳ್ತಿದ್ರೆ ಒಂದು ವಾರ ಗಡಿ. ಅದಾದ ಮೇಲೂ ಬೇಕು ಅನ್ನಿಸಿದ್ರೆ, ಪ್ರಶ್ನೆ ಸಿರಪ್‌ದಲ್ಲ, ಯಾಕೆ ಹೀಗಾಗ್ತಿದೆ ಅನ್ನೋದು. ಡಾಕ್ಟರ ನಿಗಾದಲ್ಲಿ ತಿಂಗಳುಗಟ್ಟಲೆ ತಗೊಳ್ಳೋರೂ ಇದ್ದಾರೆ, ಅದು ಬೇರೆ.

ಯಾರು ಮುಟ್ಟಬಾರದು, ಯಾರು ಕೇಳಿ ಮುಟ್ಟಬೇಕು

ಅಜ್ಜಿ ವಿಷಯದಲ್ಲಿ ನಾನು ಮರೆತಿದ್ದು ಅವಳ ಬಿಪಿ ಮಾತ್ರೆ. ಆ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿತ್ತು. ಅದು ಮೂತ್ರದ ಜೊತೆ ಪೊಟ್ಯಾಸಿಯಂ ಹೊರಗೆ ಹಾಕುತ್ತೆ. ಭೇದಿಯಲ್ಲೂ ಪೊಟ್ಯಾಸಿಯಂ ಹೋಗುತ್ತೆ. ಎರಡೂ ನಲ್ಲಿ ಒಟ್ಟಿಗೆ ತೆರೆದಿಟ್ಟ ಹಾಗೆ. ಕ್ಲಿನಿಕ್‌ನಲ್ಲಿ ‘ಬೇರೆ ಏನಾದ್ರೂ ಮಾತ್ರೆ ತಗೋತಾರಾ’ ಅಂತ ಕೇಳಿದ್ರು. ‘ಬಿಪಿದು ಒಂದು’ ಅಂದಿದ್ದೆ. ಯಾವುದು ಅಂತ ನನಗೇ ಗೊತ್ತಿರಲಿಲ್ಲ. ಈಗ ಅವಳ ಎಲ್ಲಾ ಮಾತ್ರೆ ಪಟ್ಟಿಗಳ ಫೋಟೋ ನನ್ನ ಫೋನಲ್ಲಿ ಒಂದು ಆಲ್ಬಮ್ ಇದೆ. ಡಿಗಾಕ್ಸಿನ್ ಅನ್ನೋ ಹೃದಯದ ಔಷಧಿ ತಗೊಳ್ಳೋರಿಗೆ ಪೊಟ್ಯಾಸಿಯಂ ಇಳಿದರೆ ಇನ್ನೂ ಅಪಾಯ.

ಗ್ಯಾಲಕ್ಟೋಸೀಮಿಯಾ ಅಂತ ಹುಟ್ಟಿನಿಂದ ಬರುವ ಒಂದು ಅಪರೂಪದ ಕಾಯಿಲೆ ಇದೆ, ಅವರಿಗೆ ಇದು ಬೇಡವೇ ಬೇಡ. ಸಕ್ಕರೆ ಕಾಯಿಲೆ ಇರುವವರು ‘ಇದು ಸಿಹಿ, ಶುಗರ್ ಏರುತ್ತಾ’ ಅಂತ ಕೇಳ್ತಾರೆ. ಲ್ಯಾಕ್ಟುಲೋಸ್ ರಕ್ತಕ್ಕೆ ಹೆಚ್ಚು ಸೇರಲ್ಲ. ಆದರೆ ಸಿರಪ್‌ನಲ್ಲಿ ಅದರ ಜೊತೆ ಸ್ವಲ್ಪ ಗ್ಯಾಲಕ್ಟೋಸ್, ಲ್ಯಾಕ್ಟೋಸ್ ಕೂಡ ಉಳಿದಿರುತ್ತೆ. ಮಲಬದ್ಧತೆಗೆ ಕೊಡುವ ಸಣ್ಣ ಡೋಸ್‌ನಲ್ಲಿ ಸಾಮಾನ್ಯವಾಗಿ ದೊಡ್ಡ ವ್ಯತ್ಯಾಸ ಆಗಲ್ಲ, ಆದರೂ ಡಾಕ್ಟರಿಗೆ ಹೇಳಿ, ಶುಗರ್ ಚೆಕ್ ಮಾಡ್ಕೊಳ್ಳಿ. ಗರ್ಭಿಣಿಯರಿಗೂ ಡಾಕ್ಟರು ಇದನ್ನ ಬರೆಯೋದುಂಟು. ಆದರೆ ಅಕ್ಕನಿಗೆ ಬರೆದ ಬಾಟಲಿಯನ್ನ ತಂಗಿ ಕುಡಿಯೋದು ಬೇಡ. ಮಕ್ಕಳ ಡೋಸ್ ವಯಸ್ಸು, ತೂಕ ನೋಡಿ ಮಕ್ಕಳ ಡಾಕ್ಟರೇ ಹೇಳಬೇಕು. ‘ಅರ್ಧ ಮುಚ್ಚಳ ಕೊಡೋಣ ಬಿಡು’ ಅನ್ನೋ ಅಂದಾಜು ಇಲ್ಲಿ ನಡೆಯಲ್ಲ.

ಮುಖ್ಯವಾದದ್ದು ಇದು. ಹೊಟ್ಟೆ ಊದಿಕೊಂಡು, ಜೋರು ನೋವಿದ್ದು, ವಾಂತಿ ಆಗ್ತಾ, ಗ್ಯಾಸ್ ಕೂಡ ಹೋಗ್ತಿಲ್ಲ ಅಂದ್ರೆ ಅದು ಬರೀ ಮಲಬದ್ಧತೆ ಅಲ್ಲದೇ ಇರಬಹುದು. ಕರುಳು ಎಲ್ಲೋ ಅಡ್ಡ ಕಟ್ಟಿರಬಹುದು. ಆಗ ಯಾವ ಸಿರಪ್ಪೂ ಬೇಡ, ಯಾವ ಮನೆಮದ್ದೂ ಬೇಡ, ಸೀದಾ ಆಸ್ಪತ್ರೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, 50 ದಾಟಿದವರಿಗೆ ಇದ್ದಕ್ಕಿದ್ದಂತೆ ಹೊಸದಾಗಿ ಶುರುವಾದ ಮಲಬದ್ಧತೆ, ಇವಕ್ಕೂ ಸಿರಪ್ ಕುಡಿಸಿ ಕಾಯೋದಲ್ಲ, ತೋರಿಸಬೇಕು. ರಕ್ತ ಕಂಡ ತಕ್ಷಣ ‘ಪೈಲ್ಸ್ ಇರಬೇಕು’ ಅಂತ ನಾವೇ ತೀರ್ಪು ಕೊಟ್ಟುಕೊಳ್ತೀವಿ. ಇರಬಹುದು. ಇಲ್ಲದೆಯೂ ಇರಬಹುದು.

ವಯಸ್ಸಾದವರಲ್ಲಿ ಇನ್ನೊಂದು ಮೋಸ ಇದೆ. ಮಲ ಗುದದ್ವಾರದ ಹತ್ರ ಉಂಡೆಕಟ್ಟಿ ಕೂತಾಗ, ಅದರ ಪಕ್ಕದಿಂದ ನೀರಿನಂಥದ್ದು ಸೋರುತ್ತೆ. ಬಟ್ಟೆ ಗಲೀಜಾಗುತ್ತೆ. ಮನೆಯವರು ಭೇದಿ ಅಂದುಕೊಂಡು ಅದನ್ನು ನಿಲ್ಲಿಸೋ ಮಾತ್ರೆ ಕೊಡ್ತಾರೆ, ಉಂಡೆ ಇನ್ನೂ ಗಟ್ಟಿಯಾಗುತ್ತೆ. ಹಲವು ದಿನ ಹೋಗದೇ ಇದ್ದವರಿಗೆ ಹೀಗಾದ್ರೆ ಡಾಕ್ಟರು ಕೈಯಿಂದ ಪರೀಕ್ಷೆ ಮಾಡಿ ನೋಡಬೇಕು, ಎನಿಮಾ ಬೇಕಾಗಬಹುದು.

ಸಿರಪ್ ಜಾಸ್ತಿಯಾಗಿ ಭೇದಿ ಶುರುವಾಗಿಬಿಟ್ಟಿದ್ರೆ, ಸಿರಪ್ ನಿಲ್ಲಿಸಿ, ಓಆರ್‌ಎಸ್ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಸ್ವಲ್ಪ ಸ್ವಲ್ಪ ಕುಡಿಸಿ. ತಲೆ ಸುತ್ತು, ವಿಪರೀತ ಸುಸ್ತು, ಸ್ನಾಯು ಸೆಟೆತ, ಎದೆ ಬಡಿತ ಏರುಪೇರು, ಮೂತ್ರ ಕಡಿಮೆ, ಇವುಗಳಲ್ಲಿ ಯಾವುದು ಕಂಡ್ರೂ ಕಾಯಬೇಡಿ. ಅಜ್ಜಿಗೆ ಬೆಳಿಗ್ಗೆ ಹತ್ತಕ್ಕೇ ಕಾಲು ಸೆಟೆದುಕೊಂಡಿತ್ತಂತೆ. ನನಗೆ ಹೇಳಿದ್ದು ಆಮೇಲೆ.

ಅದೇ ಬಾಟಲಿ, ಬೇರೆ ಕಾಯಿಲೆ

ಈ ವಿಷಯದ ಬಗ್ಗೆ ಎಪಿಸೋಡ್ ಮಾಡ್ತೀನಿ ಅಂದಾಗ ಒಬ್ಬರು ಮೆಸೇಜ್ ಹಾಕಿದ್ರು. ಅವರ ಚಿಕ್ಕಪ್ಪನಿಗೆ ಲಿವರ್ ತೊಂದರೆ, ದಿನಕ್ಕೆ ಮೂರು ಸಲ ಇದೇ ಸಿರಪ್ ಕೊಡ್ತಾರೆ. ‘ಅವರಿಗೇ ಅಷ್ಟು ಕೊಡ್ತಾರೆ ಅಂದ್ರೆ ನಾನು ಎರಡು ಸಲ ಕುಡಿದ್ರೆ ಏನಾಗುತ್ತೆ’ ಅಂತ ಪ್ರಶ್ನೆ.

ಒಳ್ಳೆ ಪ್ರಶ್ನೆ, ಆದರೆ ಲೆಕ್ಕ ಬೇರೆ. ಲಿವರ್ ತೀರಾ ಹಾಳಾದಾಗ ರಕ್ತದಲ್ಲಿರುವ ಅಮೋನಿಯಾ ಶುದ್ಧ ಆಗಲ್ಲ, ಮೆದುಳಿಗೆ ಹೋಗಿ ಮಂಕು, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವವರೆಗೂ ಹೋಗುತ್ತೆ. ಲ್ಯಾಕ್ಟುಲೋಸ್ ಕರುಳನ್ನು ಹುಳಿಯಾಗಿಸಿ ಆ ಅಮೋನಿಯಾವನ್ನು ಕರುಳಲ್ಲೇ ಹಿಡಿದಿಟ್ಟು ಮಲದ ಜೊತೆ ಹೊರಗೆ ಕಳಿಸುತ್ತೆ. ಅಲ್ಲಿ ಡೋಸ್ 30ರಿಂದ 45 ಎಂಎಲ್, ದಿನಕ್ಕೆ ಮೂರು ನಾಲ್ಕು ಸಲ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗೋ ಹಾಗೆ ಡೋಸನ್ನ ಹೊಂದಿಸ್ತಾರೆ, ರಕ್ತ ಪರೀಕ್ಷೆ ಮಾಡಿಸ್ತಾ ಇರ್ತಾರೆ. ಆ ಡೋಸ್ ನಿಮ್ಮದಲ್ಲ. ಇದರ ತಿರುಗುಮುರುಗೂ ಅಷ್ಟೇ ಮುಖ್ಯ: ‘ಪಾಪ, ಚಿಕ್ಕಪ್ಪ ದಿನಕ್ಕೆ ಮೂರು ಸಲ ಹೋಗ್ತಿದ್ದಾರೆ’ ಅಂತ ಕನಿಕರಪಟ್ಟು ನೀವಾಗಿ ಅವರ ಸಿರಪ್ ನಿಲ್ಲಿಸಬೇಡಿ. ಜಾಸ್ತಿ ಅನ್ನಿಸಿದ್ರೆ ಅವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ.

ಕಮೋಡು ಮತ್ತು ಮಣೆ

ಆಸ್ಪತ್ರೆಯಿಂದ ಬಿಡುಗಡೆ ಮಾಡೋ ದಿನ ಡಾಕ್ಟರಮ್ಮ ಕೇಳಿದ ಪ್ರಶ್ನೆ ಇದು: ‘ಊರಲ್ಲಿ ಇರದೇ ಇದ್ದ ತೊಂದರೆ ಇಲ್ಲಿ ಬಂದ ಮೇಲೆ ಯಾಕೆ ಬಂತು?’

ನಾವು ಯಾರೂ ಅದನ್ನ ಯೋಚಿಸಿರಲಿಲ್ಲ. ಅಜ್ಜಿಯನ್ನೇ ಕೇಳಿದಾಗ ಒಂದೊಂದೇ ಹೊರಗೆ ಬಂತು. ಮೊಣಕಾಲಿಗೆ ತೋರಿಸಿದ ಕಡೆ ಕ್ಯಾಲ್ಸಿಯಂ ಮಾತ್ರೆ, ರಕ್ತ ಕಡಿಮೆ ಇದೆ ಅಂತ ಐರನ್ ಮಾತ್ರೆ ಶುರು ಮಾಡಿದ್ರು. ಎರಡೂ ಹೊಟ್ಟೆ ಕಟ್ಟಿಸೋ ಗುಂಪು. ನೀರು ಕುಡಿಯೋದನ್ನ ಅವಳೇ ಕಮ್ಮಿ ಮಾಡಿದ್ಲು, ರಾತ್ರಿ ಎದ್ದು ನಮ್ಮನ್ನೆಲ್ಲ ಎಬ್ಬಿಸಬೇಕಾಗುತ್ತೆ ಅಂತ. ರಾಗಿ ಮುದ್ದೆ, ಸೊಪ್ಪಿನ ಸಾರು ಬಿಟ್ಟು ನಮ್ಮ ಜೊತೆ ಬ್ರೆಡ್ಡು, ಬಿಳಿ ಅನ್ನ ತಿಂತಿದ್ಲು. ತೋಟಕ್ಕೆ ಓಡಾಡ್ತಿದ್ದವಳು ಮೂರನೇ ಮಹಡಿಯ ಫ್ಲ್ಯಾಟಲ್ಲಿ ಟೀವಿ ಮುಂದೆ ಕೂತಿದ್ಲು. ಕೊನೇದು, ಹೇಳೋಕೆ ತುಂಬಾ ಹೊತ್ತು ತಗೊಂಡಿದ್ದು, ‘ಆ ಕುರ್ಚಿ ಮೇಲೆ ಕೂತ್ರೆ ನಂಗೆ ಬರೋದೇ ಇಲ್ಲ ಕಣಪ್ಪಾ.’

ಅದಕ್ಕೂ ವಿವರಣೆ ಇದೆ. ಗುದದ್ವಾರದ ಹತ್ರ ಒಂದು ಸ್ನಾಯು ಕುಣಿಕೆ ಥರ ಸುತ್ತಿಕೊಂಡು ಕರುಳನ್ನು ಬಾಗಿಸಿ ಹಿಡಿದಿರುತ್ತೆ. ಕುಕ್ಕರುಗಾಲಲ್ಲಿ ಕೂತಾಗ ಅದು ಸಡಿಲ ಆಗಿ ದಾರಿ ನೇರ ಆಗುತ್ತೆ. ಕಮೋಡಿನಲ್ಲಿ ಅಷ್ಟು ಆಗಲ್ಲ, ಅದರಲ್ಲೂ ಕುಳ್ಳಗಿರೋರಿಗೆ ಕಾಲು ನೆಲಕ್ಕೇ ತಾಗಲ್ಲ. ಮೊಣಕಾಲು ನೋವಿರೋರು ಇಂಡಿಯನ್ ಟಾಯ್ಲೆಟ್‌ಗೆ ಹೋಗೋಕೂ ಆಗಲ್ಲ. ಪರಿಹಾರ ಅಂದ್ರೆ ಕಮೋಡಿನ ಮುಂದೆ ಒಂದು ಮಣೆ ಇಟ್ಟು ಅದರ ಮೇಲೆ ಕಾಲಿಟ್ಟು, ಸ್ವಲ್ಪ ಮುಂದಕ್ಕೆ ಬಾಗಿ ಕೂರೋದು. ಮೊಣಕಾಲು ಸೊಂಟಕ್ಕಿಂತ ಮೇಲಿರಬೇಕು. ಜಾರದ ಮಣೆ ನೋಡಿ ತಗೊಳ್ಳಿ, ಒದ್ದೆ ನೆಲದಲ್ಲಿ ಪ್ಲಾಸ್ಟಿಕ್ ಮಣೆ ಇನ್ನೊಂದು ಕಥೆ ಆಗುತ್ತೆ.

ಅಜ್ಜಿಯದು ಹೀಗಾದ್ರೆ, ನಮ್ಮ ವಯಸ್ಸಿನವರದು ಬೇರೆ ಥರ. ಪಿಜಿಯಲ್ಲಿ ಎಂಟು ಜನಕ್ಕೆ ಒಂದು ಟಾಯ್ಲೆಟ್, ಬೆಳಿಗ್ಗೆ ಬಾಗಿಲು ತಟ್ಟೋರು, ಎಂಟೂವರೆ ಬಸ್ಸು. ಬಂದಾಗ ತಡೆದುಕೊಂಡ್ರೆ ದೊಡ್ಡ ಕರುಳು ಇದ್ದ ನೀರನ್ನೆಲ್ಲ ಹೀರಿಬಿಡುತ್ತೆ, ಸಂಜೆ ಹೊತ್ತಿಗೆ ಕಲ್ಲು. ತಿಂಡಿ ತಿಂದ ಮೇಲೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಕರುಳು ತಾನಾಗೇ ಚುರುಕಾಗುತ್ತೆ. ಆ ಹೊತ್ತನ್ನ ಬಿಟ್ಟುಕೊಡಬೇಡಿ, ಬೇಕಿದ್ರೆ ಪಿಜಿಯಲ್ಲಿ ಬೇಗ ಎದ್ದು ತಿಂಡಿ ತಿನ್ನಿ. ಫೋನ್ ಹೊರಗೆ ಇಡಿ. ರೀಲ್ಸ್ ನೋಡ್ತಾ ಅರ್ಧ ಗಂಟೆ ಕೂರೋದು ಮೂಲವ್ಯಾಧಿಗೆ ದಾರಿ. ಈ ಪಾಡ್‌ಕಾಸ್ಟೂ ಅಲ್ಲಿ ಬೇಡ, ನನ್ನ ವ್ಯೂಸ್ ಕಮ್ಮಿಯಾದ್ರೂ ಪರವಾಗಿಲ್ಲ.

ಅಂದ ಹಾಗೆ, ದಿನಾ ಹೋಗಲೇಬೇಕು ಅಂತ ನಿಯಮ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೂ ಸಹಜವೇ. ವಾರಕ್ಕೆ ಮೂರಕ್ಕಿಂತ ಕಡಿಮೆ, ಗಟ್ಟಿ ಉಂಡೆ, ತಿಣುಕಬೇಕಾಗೋದು, ಇನ್ನೂ ಉಳಿದಿದೆ ಅನ್ನಿಸೋದು, ಇವು ಮಲಬದ್ಧತೆಯ ಲಕ್ಷಣ. ಬ್ರಿಸ್ಟಲ್ ಚಾರ್ಟ್ ಅಂತ ಇದೆ, 1997ರಲ್ಲಿ ಇಂಗ್ಲೆಂಡಿನ ವೈದ್ಯರು ಪ್ರಕಟಿಸಿದ್ದು, ಮಲವನ್ನ ಏಳು ಥರ ವಿಂಗಡಿಸಿದ್ದಾರೆ. ಒಂದು ಎರಡು ಗಟ್ಟಿ, ಮೂರು ನಾಲ್ಕು ಸರಿ, ಆರು ಏಳು ಭೇದಿ. ಡಾಕ್ಟರ ಮುಂದೆ ನಾಚಿಕೆ ಆದ್ರೆ ನಂಬರ್ ಹೇಳಿ ಸಾಕು, ಅವರಿಗೆ ಅರ್ಥ ಆಗುತ್ತೆ.

ಅಜ್ಜಿಗೆ ಐರನ್ ಮಾತ್ರೆಯನ್ನ ಡಾಕ್ಟರೇ ಬದಲಾಯಿಸಿದ್ರು, ಬಿಪಿ ಮಾತ್ರೆಯನ್ನೂ. ಸಿರಪ್ ಮತ್ತೆ ಕೊಟ್ರು, ಅದೇ 15 ಎಂಎಲ್, ರಾತ್ರಿ. ಈ ಸಲ ನಾನು ಎರಡನೇ ದಿನ ಸಂಜೆವರೆಗೂ ಬಾಟಲಿ ಮುಟ್ಟಲಿಲ್ಲ, ಅಮ್ಮನ ಫೋನ್ ನಾಲ್ಕು ಸಲ ಬಂದ್ರೂ. ಮೂರನೇ ದಿನ ಬೆಳಿಗ್ಗೆ ಆಯ್ತು. ಹತ್ತು ದಿನದಲ್ಲಿ ನಿಲ್ಲಿಸಿದ್ವಿ. ಈಗ ಅವಳು ಊರಲ್ಲಿದ್ದಾಳೆ. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಹೋದ ದಿನಕ್ಕೆ ಪೆನ್ಸಿಲ್‌ನಲ್ಲಿ ಒಂದು ಗೀಟು ಹಾಕ್ತಾಳೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಹೋದ ತಿಂಗಳು ಹೋದಾಗ ನೋಡಿದೆ, ಗೀಟು ತಪ್ಪಿದ್ದು ಮೂರೇ ದಿನ. ಹಾಲು ತಪ್ಪಿದ್ದು ಐದು ದಿನ.

ಮುಂದಿನ ವಾರ ಮತ್ತೆ ನಮ್ಮ ಹಳೇ ಅಡ್ಡಾಕ್ಕೆ ವಾಪಸ್: ಹೆಲ್ತ್ ಇನ್ಶೂರೆನ್ಸ್‌ನ ಕಾಯುವ ಅವಧಿ ಅಂದ್ರೆ ಏನು, ಯಾವ ಕಾಯಿಲೆಗೆ ಎಷ್ಟು. ಸಿಗೋಣ.